ಮೂಕವಾದ ಕೀಲಿಕೈ

ಹಬ್ಬಕ್ಕೆಂದು ಬೆಂಗಳೂರಿನಿಂದ ಮಗ ಹೊಸ ಕಾರಿನಲ್ಲಿ ಜಗಳೂರು ತಾಲ್ಲೂಕಿನ ಸೊಕ್ಕೆಗೆ ಬಂದಿದ್ದಾನೆ ಎನ್ನಿ. ನಡುರಾತ್ರಿ ತಂದೆಗೆ ಎದೆನೋವು. ಜಗಳೂರಿನ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಮಗ ಓಡಿಹೋಗಿ ಕೀಲಿಕೈಯ ಗುಂಡಿಯನ್ನು ಒತ್ತುತ್ತಾನೆ, ಬಾಗಿಲು ಅಲುಗದು. ಕೀಲಿಕೈಯೊಳಗಿನ ಬ್ಯಾಟರಿ ತೀರಿದೆ.

ಇಂಥ ಹೊತ್ತಿನಲ್ಲಿ ಹಳ್ಳಿಯ ಜನ ಸುಮ್ಮನೆ ನಿಂತಾರೆಯೆ? ಗಾಡಿ ತಳ್ಳಲು ನಾಲ್ವರು ಗಟ್ಟಿಗರು ಆಗಲೇ ಸೆರಗು ಕಟ್ಟಿರುತ್ತಾರೆ. ಅಂಬಾಸಡರ್ ಕಾರಿನ ಕಾಲದಲ್ಲಿ ಆ ಉಪಾಯ ಫಲಿಸುತ್ತಿತ್ತು. ಮುಂದುಗಡೆ ಹ್ಯಾಂಡಲ್ ತೂರಿಸಿ ತಿರುಗಿಸುವುದೂ ಉಂಟಾಗಿತ್ತು. ಈ ಕಾರಿಗೆ ತೋಳಬಲ ನಾಟದು. ತನ್ನ ಕೀಲಿಕೈಯ ಗುರುತು ಸಿಗುವವರೆಗೆ ಒಳಗಿನ ಕಾವಲು ಯಂತ್ರವು ಎಂಜಿನ್ನಿಗೆ ಅಪ್ಪಣೆ ಕೊಡುವುದಿಲ್ಲ. ಸ್ಟಿಯರಿಂಗ್ ಚಕ್ರವೂ ಬಿಗಿದುಕೊಂಡಿರಬಹುದು.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಕೀಲಿಕೈಯ ಬದಿಯಲ್ಲಿ ಸಣ್ಣದೊಂದು ಮೀಟುಗುಂಡಿ ಇರುತ್ತದೆ. ಅದನ್ನು ಸರಿಸಿ ಎಳೆದರೆ ಒಳಗಿನಿಂದ ಲೋಹದ ಪುಟ್ಟ ಕೀಲಿ ಹೊರಬರುತ್ತದೆ. ಎಷ್ಟೋ ಒಡೆಯರು ಇದನ್ನು ಒಮ್ಮೆಯೂ ಕಂಡಿರುವುದಿಲ್ಲ! ಚಾಲಕನ ಬಾಗಿಲಿನ ಹಿಡಿಯಲ್ಲಿ ಕೀಲಿಕಂಡಿಯನ್ನು ಹುಡುಕಬೇಕು. ಕೆಲವು ಕಾರುಗಳಲ್ಲಿ ಅದು ಮುಚ್ಚಳದಡಿ ಅಡಗಿರುತ್ತದೆ. ಬಾಗಿಲು ತೆರೆದೊಡನೆ ಕಳ್ಳಗಂಟೆ ಅರಚಿ ಊರನ್ನೆಲ್ಲ ಎಬ್ಬಿಸೀತು. ಅಂಜಬೇಕಾಗಿಲ್ಲ, ಕಾರು ಕೀಲಿಕೈಯನ್ನು ಗುರುತಿಸಿದೊಡನೆ ಸಾಮಾನ್ಯವಾಗಿ ಅದು ಸುಮ್ಮನಾಗುತ್ತದೆ.

ಬಾಗಿಲು ತೆರೆಯಿತು, ಸರಿ. ಆದರೆ ಎಂಜಿನ್ ಹೊರಡುವುದು ಹೇಗೆ? ಇಲ್ಲಿಯೇ ಈ ಯಂತ್ರದ ಜಾಣತನವಿರುವುದು. ಎಂದಿನಂತೆ ಕಾರು ಸುಮಾರು 125 ಕಿಲೋಹರ್ಟ್ಸಿನ ಅಲೆಯಲ್ಲಿ ‘ಯಾರು?’ ಎಂದು ಕೇಳುತ್ತದೆ. ಕೀಲಿಕೈ 433 ಮೆಗಾಹರ್ಟ್ಸಿನಂಥ ಅಲೆಯಲ್ಲಿ ‘ನಾನು’ ಎನ್ನುತ್ತದೆ. ಬ್ಯಾಟರಿ ಬೇಕಾಗುವುದು ದೂರಕ್ಕೆ ಕೇಳಿಸುವ ಈ ಉತ್ತರಕ್ಕೆ. ಗುರುತನ್ನು ಹೊತ್ತ ಚಿಪ್ಪಾದರೋ ಬ್ಯಾಟರಿಯಿಲ್ಲದೆಯೂ ಬದುಕಿರುತ್ತದೆ. ಕಾರಿನೊಳಗಿನ ತಂತಿಸುರುಳಿಗೆ ತೀರ ಹತ್ತಿರ ಹಿಡಿದರೆ, ಆ ಸುರುಳಿಯ ಕಾಂತಕ್ಷೇತ್ರದಿಂದಲೇ ಅದಕ್ಕೆ ಬೇಕಾದಷ್ಟು ವಿದ್ಯುತ್ತು ದೊರೆಯುತ್ತದೆ. ಕೀಲಿಕೈಗೆ ದನಿ ಹೋಗಿದೆಯೇ ಹೊರತು ಹೆಸರು ಮರೆತುಹೋಗಿಲ್ಲ.

ಆದ್ದರಿಂದ ಮಗನು ಗೇರನ್ನು ತಟಸ್ಥಕ್ಕೆ ತಂದು ಕ್ಲಚ್ ಅದುಮಬೇಕು. ತಾನೇ ಗೇರು ಬದಲಿಸುವ ಗಾಡಿಯಾದರೆ ಬ್ರೇಕು. ಬಳಿಕ ಕೀಲಿಕೈಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ, ಆ ಗುಂಡಿಯನ್ನು ಒತ್ತಬೇಕು. ಮಾರುತಿ, ಹ್ಯುಂಡೈಗಳ ಬಹಳಷ್ಟು ಕಾರುಗಳಲ್ಲಿ ಕ್ರಮ ಇದೇ. ಬೇರೆ ಕೆಲವದರಲ್ಲಿ ಲೋಟವಿಡುವ ಗುಳಿಯ ತಳವೋ ಸ್ಟಿಯರಿಂಗಿನ ಬದಿಯೋ ಆ ಜಾಗವಾಗಿರುತ್ತದೆ. ಡಬ್ಬಿಯಲ್ಲಿ ಮಲಗಿರುವ ಕೈಪಿಡಿಯಲ್ಲಿ ಚಿತ್ರಸಮೇತ ತೋರಿಸಿರುತ್ತಾರೆ. ಹಗಲು ಹೊತ್ತಿನಲ್ಲಿ ಒಮ್ಮೆ ನೋಡಿಟ್ಟುಕೊಂಡವನು ಕತ್ತಲಲ್ಲಿ ತಡಕಾಡಲಾರ. ಇಷ್ಟಾದರೂ ದೀಪ ಮಿನುಗದಿದ್ದರೆ ಸೋತಿರುವುದು ಕಾರಿನ ದೊಡ್ಡ ಬ್ಯಾಟರಿ. ಆ ಕಥೆಯೇ ಬೇರೆ.

ತಂದೆಯನ್ನು ಆಸ್ಪತ್ರೆಗೆ ಸೇರಿಸಿದ ಮರುದಿನ ಹೊಸ ಬ್ಯಾಟರಿ ಕೊಳ್ಳಬಹುದು. ಹೆಚ್ಚಿನ ಕೀಲಿಕೈಗಳಿಗೆ ಹಿಡಿಸುವುದು ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆ: 20 ಮಿಲಿಮೀಟರ್ ಅಗಲ, 3.2 ದಪ್ಪ. ಕಂಪ್ಯೂಟರುಗಳ ಗಡಿಯಾರವನ್ನು ನಡೆಸುವುದೂ ಇದೇ ಆದ್ದರಿಂದ ಗಡಿಯಾರದ ಅಂಗಡಿಯಲ್ಲಿಯೋ ಕಂಪ್ಯೂಟರ್ ಅಂಗಡಿಯಲ್ಲಿಯೋ ಸಿಕ್ಕೀತು. ಹಳೆಯದು ಯಾವ ಮಗ್ಗುಲಾಗಿ ಕುಳಿತಿತ್ತೋ ಹೊಸದೂ ಹಾಗೆಯೇ ಕೂರಬೇಕು. ತೆಗೆದ ಬಿಲ್ಲೆಯನ್ನು ಮಾತ್ರ ಅಂಗಳದಲ್ಲಿ ಎಸೆಯಬಾರದು. ತೀರಿದ್ದರೂ ಅದರಲ್ಲಿ ಕಸುವು ಉಳಿದಿರುತ್ತದೆ. ಮಗು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಟ್ಟುಬಿಡಬಲ್ಲುದು.