ಮನೆಯ ಪಾಠಶಾಲೆ: ಕವಡೆಯ ಆಟವೂ ಲೆಕ್ಕದ ಕ್ರಮವೂ

ಗುಣಾಕಾರವನ್ನು ಮೊದಲು, ಸಂಕಲನವನ್ನು ಅನಂತರ ಮಾಡತಕ್ಕದ್ದೆಂಬ ನಿಯಮವನ್ನು ನಮ್ಮ ಮಕ್ಕಳು ‘ಬೋಡ್‌ಮಾಸ್’ ಎಂದು ಮಂತ್ರದಂತೆ ಬಾಯಿಪಾಠ ಮಾಡಿರುವರು. ಹಾಗೇಕೆಂದು ಕೇಳಿದರೆ ಉತ್ತರ ಹೇಳುವವರು ವಿರಳ. ಕಾರಣವನ್ನರಿಯದೆ ಕಲಿತ ನಿಯಮವು ಪರೀಕ್ಷೆಯ ಮರುದಿನವೇ ಮರೆತುಹೋಗುವುದು.

ಕಾರಣವಾದರೋ ಮನೆಯ ಖರ್ಚಿನಲ್ಲಿಯೇ ಇರುವುದು. ಹರಿಹರದ ಸೀಮೆಯ ಕಡರನಾಯಕನಹಳ್ಳಿಯ ಹುಡುಗನೊಬ್ಬನು ದಾವಣಗೆರೆಗೆ ಹೋಗಿ ಮಂಡಕ್ಕಿಯನ್ನು ತರುವನೆಂದು ಭಾವಿಸೋಣ. ಬಸ್ಸಿನ ಚಾರ್ಜು 20 ರೂಪಾಯಿ. ಸೇರಿಗೆ 10 ರೂಪಾಯಿಯಂತೆ 3 ಸೇರು ಮಂಡಕ್ಕಿ. ಇದನ್ನು 20 + 3 × 10 ಎಂದು ಬರೆದು, ಮೊದಲು ಕೂಡಿ ಆಮೇಲೆ ಗುಣಿಸಿದರೆ 230 ಬರುವುದು! ರೂಪಾಯಿಗೆ ಸೇರನ್ನು ಕೂಡಲು ಬಾರದಷ್ಟೆ. ಸೇರುಗಳನ್ನು ಮೊದಲು ರೂಪಾಯಿ ಮಾಡಬೇಕು. ಆ ಕೆಲಸವೇ ಗುಣಾಕಾರ. ಆಗ 20ಕ್ಕೆ 30 ಸೇರಿ 50 ಆಗುವುದು. ಅಂಗಡಿಗಳಲ್ಲಿರುವ ಸಾದಾ ಕ್ಯಾಲ್ಕ್ಯುಲೇಟರುಗಳಲ್ಲಿ ಅನೇಕವು ಒತ್ತಿದ ಕ್ರಮದಲ್ಲಿಯೇ ಲೆಕ್ಕ ಮಾಡಿ 230 ಎಂದು ತೋರಿಸುವುದರಿಂದ, ಈ ತಿಳಿವಳಿಕೆಯು ಗೃಹಸ್ಥರಿಗೂ ಅವಶ್ಯಕವಾದುದು.

ಇದನ್ನು ಮಕ್ಕಳ ಮನಸ್ಸಿನಲ್ಲಿ ನೆಲೆಗೊಳಿಸಲು ಇಬ್ಬರಾಡುವ ಆಟವೊಂದನ್ನು ಹೇಳುವೆವು. ಚೌಕಾಬಾರದ 4 ಕವಡೆಗಳು, ನೂರು ಹುಣಿಸೆಬೀಜ, ಒಂದು ಸ್ಲೇಟು ಇದ್ದರೆ ಸಾಕು. ಅಂಗಾತ ಬಿದ್ದ ಕವಡೆಗಳೆಷ್ಟೋ ಅಷ್ಟು ಗರ. ನಾಲ್ಕೂ ಬೋರಲಾದರೆ 8.

ಒಬ್ಬನು ಮೂರು ಸಲ ಕವಡೆ ಹಾಕಿ, ಬಿದ್ದ ಅಂಕಿಗಳನ್ನು ಅದೇ ಕ್ರಮದಲ್ಲಿ ಬರೆದು, ನಡುವೆ ಒಂದು ಕೂಡುವ ಚಿಹ್ನೆಯನ್ನೂ ಒಂದು ಗುಣಿಸುವ ಚಿಹ್ನೆಯನ್ನೂ ಇಡಬೇಕು. ಎದುರಾಳಿಯು ಬೆಲೆಯನ್ನು ಹೇಳಬೇಕು. ಸರಿಯಾದರೆ ರಾಶಿಯಿಂದ ಒಂದು ಬೀಜ ಅವನಿಗೆ. ತಪ್ಪಾದರೆ, ಆ ತಪ್ಪನ್ನು ತೋರಿಸಿಕೊಟ್ಟವನಿಗೆ. ಸರಿಯುತ್ತರವನ್ನು ತಪ್ಪೆಂದವನು ತನ್ನದೊಂದು ಬೀಜವನ್ನು ತೆರಬೇಕು. ಮೊದಲು 10 ಬೀಜ ಗಳಿಸಿದವನು ಗೆದ್ದನು.

ವ್ಯಾಜ್ಯ ಬಂದರೆ ದೊಡ್ಡವರು ತೀರ್ಪು ಹೇಳಬಾರದು. ರಾಶಿಯ ಬೀಜಗಳೇ ಹೇಳಲಿ. 2 + 3 × 4 ಎಂದಿದ್ದರೆ 2 ಬೀಜಗಳನ್ನು ಬದಿಗಿಟ್ಟು, ನಾಲ್ಕು ನಾಲ್ಕರಂತೆ ಮೂರು ಸಾಲುಗಳನ್ನು ಹೂಡಿ ಎಣಿಸಿದರೆ 14. ಇಪ್ಪತ್ತೆಂದವನಿಗೆ ತನ್ನ ತಪ್ಪು ಕಣ್ಣಿಗೇ ಕಾಣುವುದು.

ಇಷ್ಟು ರೂಢಿಯಾದ ಮೇಲೆ ಆವರಣ ಚಿಹ್ನೆಯನ್ನು ತರಬೇಕು. ಒಂದೇ ಗರಗಳಿಂದ ಇಬ್ಬರೂ ಗುಟ್ಟಾಗಿ ಬರೆಯಲಿ. ಹೆಚ್ಚಿನ ಬೆಲೆ ಬರಿಸಿದವನಿಗೆ ಬೀಜ. 2, 3, 4 ಬಿದ್ದಾಗ 2 × 3 + 4 ಎಂಬುದು 10 ಮಾತ್ರ. (2 + 3) × 4 ಎಂಬುದು 20. ಆವರಣವೆಲ್ಲಿ ಬೇಕು, ಎಲ್ಲಿ ವ್ಯರ್ಥವೆಂಬುದನ್ನು ಮಗುವು ತಾನೇ ಕಂಡುಕೊಳ್ಳುವುದು. ಮೂವರಿಗೆ ತಲೆಗೆ 20ರ ಚಾರ್ಜು, 10ರ ಮಂಡಕ್ಕಿಯಾದರೆ 3 × (20 + 10), ಅಂದರೆ 90 ಎಂಬ ಲೆಕ್ಕವೂ ಆಗ ಸುಲಭ.

ಕೊನೆಗೆ ಕಳೆಯುವುದು. 8 − 3 + 2 ಎಂಬಲ್ಲಿ, ‘ಬೋಡ್‌ಮಾಸ್’ನಲ್ಲಿ ಕೂಡುವುದು ಮುಂದಿದೆಯೆಂದು 3 ಎನ್ನುವ ಮಕ್ಕಳುಂಟು. 8 ಬೀಜಗಳಿಂದ 3 ತೆಗೆದು 2 ಹಾಕಿದರೆ ಉಳಿಯುವುದು 7. ಕೂಡುವುದೂ ಕಳೆಯುವುದೂ ಸಮಾನಸ್ಕಂಧರು. ಗುಣಿಸುವುದೂ ಭಾಗಿಸುವುದೂ ಹಾಗೆಯೇ. ಸಮಾನರಲ್ಲಿ ಎಡಗಡೆಯವನಿಗೆ ಮೊದಲ ಸರದಿ.

ಲೋಕವ್ಯವಹಾರದೊಡನೆ ಗಣಿತವನ್ನು ಕಲಿಸುವುದು ನಮ್ಮ ನಾಡಿಗೆ ಹೊಸತಲ್ಲ. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ರಚಿಸಿದ ಗ್ರಂಥದ ಹೆಸರೇ ‘ವ್ಯವಹಾರಗಣಿತ’. ತಾಯಂದಿರು ಸಂಜೆ ಅರ್ಧ ಗಂಟೆ ಮಗುವಿನೆದುರು ಕುಳಿತು ಈ ಆಟವನ್ನಾಡಲಿ. ತಾಯಿಯ ಲೆಕ್ಕದಲ್ಲಿ ತಪ್ಪನ್ನು ಹಿಡಿದು ಬೀಜ ಗೆದ್ದ ಮಗುವು ಆ ನಿಯಮವನ್ನು ಎಂದಿಗೂ ಮರೆಯಲಾರದು.