ಬಾಗಿದ ಬೆನ್ನಿಗೆ ಬೈಗುಳು ಮದ್ದಲ್ಲ

“ನೆಟ್ಟಗೆ ಕೂಡ್ರು!” ಎಂಬ ಗದರಿಕೆ ಕೇಳಿಬರದ ಶಾಲೆ ನಾಡಿನಲ್ಲಿ ಇರಲಾರದು. ಗದರಿದ ಕ್ಷಣಕ್ಕೆ ಬಾಲಕನು ಎದೆ ಸೆಟೆಸಿ ಕೂಡುತ್ತಾನೆ. ಗುರುಗಳು ಕರಿಹಲಗೆಯತ್ತ ತಿರುಗಿದೊಡನೆ ಮತ್ತೆ ಪುಸ್ತಕದ ಮೇಲೆ ಬಾಗುತ್ತಾನೆ. ಇದನ್ನು ಉದಾಸೀನವೆಂದೋ ಉದ್ಧಟತನವೆಂದೋ ಎಣಿಸುವುದು ವಾಡಿಕೆ. ಅನೇಕ ವೇಳೆ ಅಲ್ಲಿರುವುದು ಅವಿನಯವಲ್ಲ, ಅಶಕ್ತಿ.

ಶರೀರದ ರಚನೆಯನ್ನು ನೋಡಿದರೆ ಇದು ಮನವರಿಕೆಯಾಗುತ್ತದೆ. ಎಲುಬಿಗೆ ಎಲುಬು ಕೂಡಿ ತೋಳು ಮುಂಡಕ್ಕೆ ಜೋಡಣೆಯಾಗಿರುವುದು ಕೊರಳ ಕೆಳಗಿನ ಜತ್ರುವೆಂಬ ಸಣ್ಣ ಎಲುಬಿನ ಮೂಲಕ ಮಾತ್ರ. ಬೆನ್ನ ಮೇಲಿನ ಹೆಗಲ ಹಲಗೆಯನ್ನು ಹಿಡಿದು ನಿಲ್ಲಿಸುವವು ಸ್ನಾಯುಗಳೇ. ಅವುಗಳಲ್ಲಿ ಟ್ರೆಪೀಜಿಯಸ್ ಮತ್ತು ರಾಂಬಾಯ್ಡ್ ಎಂಬವು ಮುಖ್ಯವಾದವು. ಇವು ದುರ್ಬಲವಾಗಿದ್ದರೆ ತೋಳೆತ್ತುವಾಗ ಹೆಗಲ ಕೀಲಿಗೆ ತಕ್ಕ ಆಧಾರ ದೊರೆಯದು. ನೆಟ್ಟಗೆ ಕುಳಿತವನು ಬೇಗನೆ ದಣಿಯುತ್ತಾನೆ.

ಹಿಂದಿನವರಿಗೆ ಈ ಸ್ನಾಯುಗಳ ಹೆಸರು ತಿಳಿದಿರಲಿಲ್ಲ. ಆದರೆ ಅವುಗಳಿಗೆ ಕೆಲಸವಿತ್ತು. ಮಲೆನಾಡಿನ ಸೆರಗಿನಲ್ಲಿರುವ ಅಳ್ನಾವರದ ಕಡೆ ಬಾವಿಯ ಗಡಗಡಿಯಿಂದ ಕೊಡಗಟ್ಟಲೆ ನೀರು ಸೇದುವುದು ನಿತ್ಯದ ದುಡಿಮೆಯಾಗಿತ್ತು. ಅದರ ಭಾರವೂ ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆಯೇ ಇತ್ತು. ಮನೆಗೆ ನಳ ಬಂದುದು ಸುದೈವ. ಆ ಕಷ್ಟ ಮರಳಲೆಂದು ಯಾರೂ ಬಯಸಲಾರರು. ಆದರೆ ಹಗ್ಗದೊಡನೆ ‘ಎಳೆಯುವ’ ಕೆಲಸವೂ ಹೋಯಿತು. ಅದರ ಸ್ಥಾನಕ್ಕೆ ಪುಸ್ತಕದ ಚೀಲವೂ ಮೊಬೈಲೂ ಬಂದವು. 9 ಮತ್ತು 10ನೆಯ ತರಗತಿಯವರ ಚೀಲ 5 ಕಿಲೋ ಮೀರಬಾರದೆಂದು ರಾಜ್ಯ ಸರ್ಕಾರ 2019ರಲ್ಲಿ ಆದೇಶಿಸಿತು. ಭಾರವನ್ನು ಇಳಿಸುವುದು ಅರ್ಧ ಕೆಲಸ; ಬೆನ್ನನ್ನು ಬಲಗೊಳಿಸುವುದು ಉಳಿದರ್ಧ.

ಈ ಉಳಿದರ್ಧದಲ್ಲಿಯೇ ಶಾಲೆಗಳು ಎಡವಿವೆ. ದಂಡ ಹೊಡೆಯುವುದು ಉತ್ತಮ ಸಾಧನೆಯೇ ಸರಿ. ಆದರೆ ಅದು ನೆಲವನ್ನು ‘ತಳ್ಳುವ’ ಕ್ರಿಯೆ, ಮುಖ್ಯವಾಗಿ ಎದೆ, ಭುಜದ ಮುಂಭಾಗ ಹಾಗೂ ತೋಳುಗಳನ್ನು ಬಲಪಡಿಸುತ್ತದೆ. ಬೆನ್ನಿಗೆ ಬೇಕಾದುದು ಎಳೆತ. ಗರಡಿಯ ಹಿರಿಯರು ಇದನ್ನು ಬಲ್ಲವರಾಗಿದ್ದರು. ಹಗ್ಗ ಏರುವುದೂ ಮಲ್ಲಗಂಬವೂ ಎಳೆತದ ಸಾಧನೆಗಳೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೇ ಮಲ್ಲರ ಕಂಬದ ಸಾಧನೆಯ ಉಲ್ಲೇಖವಿದೆ. ಕನ್ನಡ ನೆಲದ ಈ ವಿದ್ಯೆ ವಾರ್ಷಿಕೋತ್ಸವದ ಪ್ರದರ್ಶನಕ್ಕಷ್ಟೇ ಮೀಸಲಾಗುವುದು ಉಚಿತವಲ್ಲ.

ಇದಕ್ಕೆ ದೊಡ್ಡ ವ್ಯಾಯಾಮಶಾಲೆಯೇ ಬೇಕೆಂದಿಲ್ಲ. ಸೊಂಟದೆತ್ತರಕ್ಕೆ ಭದ್ರವಾಗಿ ಕೂಡಿಸಿದ ಕಬ್ಬಿಣದ ಅಡ್ಡಪಟ್ಟಿ ಸಾಕು. ಅದರ ಕೆಳಗೆ ಹಿಮ್ಮಡಿಯೂರಿ, ಶರೀರವನ್ನು ಹಲಗೆಯಂತೆ ನೇರವಾಗಿಟ್ಟು, ಎದೆಯನ್ನು ಪಟ್ಟಿಯತ್ತ ಎಳೆದುಕೊಳ್ಳಬೇಕು. ಅಶಕ್ತರು ಸೈಕಲ್ ಟ್ಯೂಬನ್ನು ಕಂಬಕ್ಕೆ ಬಿಗಿದು, ಎರಡೂ ಕೈಗಳಿಂದ ಪಕ್ಕೆಲುಬಿನವರೆಗೆ ಎಳೆದು, ಹೆಗಲ ಹಲಗೆಗಳನ್ನು ಹತ್ತಿರ ತಂದು, ಮೂರು ಎಣಿಸುವವರೆಗೆ ನಿಲ್ಲಬೇಕು. ಹತ್ತು ಸಲದಂತೆ ಎರಡು ಮೂರು ಸುತ್ತು, ವಾರಕ್ಕೆ ಮೂರು ದಿನ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ 5ರಿಂದ 17 ವಯಸ್ಸಿನವರಿಗೆ ಸ್ನಾಯು ಬಲಿಸುವ ಚಟುವಟಿಕೆ ವಾರಕ್ಕೆ ಕನಿಷ್ಠ ಮೂರು ದಿನವಾದರೂ ಇರಬೇಕೆಂದಿದೆ. ಹೆಣ್ಣುಮಕ್ಕಳನ್ನು ಇದರಿಂದ ಹೊರಗಿಡಲು ಯಾವ ಕಾರಣವೂ ಇಲ್ಲ. ತೋಳಿನಲ್ಲಿ ಜೋಮು, ನಿಶ್ಶಕ್ತಿ ಅಥವಾ ನಿದ್ದೆಗೆಡಿಸುವ ನೋವಿದ್ದರೆ ಸಾಧನೆಯನ್ನು ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.

ಒಂದೇ ಭಂಗಿಯಲ್ಲಿ ಸೆಟೆದು ಕೂಡುವುದೇ ಆರೋಗ್ಯವೆಂಬ ಭ್ರಮೆಯೂ ಸಲ್ಲದು. ಪ್ರತಿ ಅವಧಿಯ ನಡುವೆ ಮಕ್ಕಳು ಎದ್ದು ನಿಂತು ಕೈಚಾಚಲು ಗುರುಗಳು ಒಂದು ನಿಮಿಷ ಕೊಟ್ಟರೆ ಹತ್ತು ಗದರಿಕೆ ಉಳಿದೀತು.

ಶಾಲೆಗಳಿಗೆ ಕೋಣೆ ಕಟ್ಟಿಸಿಕೊಟ್ಟ ದಾನಿಗಳಿಗೆ ಸಮಾಜ ಋಣಿಯಾಗಿದೆ. ಕೋಣೆಯ ಹೊರಗೊಂದು ಅಡ್ಡಪಟ್ಟಿ, ಒಂದು ಮಲ್ಲಗಂಬ, ಅದರಡಿಯಲ್ಲಿ ಮೆತ್ತನೆಯ ಮಣ್ಣು, ಇವು ಕೋಣೆಗಿಂತ ಎಷ್ಟೋ ಕಡಿಮೆ ವೆಚ್ಚದವು. ಇವುಗಳ ಮೇಲೆ ಶಿಲಾಫಲಕಕ್ಕೆ ಸ್ಥಳವಿರಲಾರದು. ಆದರೆ ದಾನದ ಗುರುತು ಮಕ್ಕಳ ಬೆನ್ನಿನಲ್ಲಿಯೇ ಉಳಿದೀತು.