ಲೆಕ್ಕದ ಮಾತು: ‘ಎಲೆಕ್ಷನ್ ಮುಗೀಲಿ, ಆಮೇಲೆ ನೋಡುವ’

ಕಳೆದ ಭಾನುವಾರ ಸಂಜೆ ನಮ್ಮ ಮನೆಗೆ ಬೈಂದೂರು ಕಡೆಯವರೊಬ್ಬರು ಬಂದಿದ್ದರು. ಹದಿನೇಳು ವರ್ಷದಿಂದ ಇಲ್ಲಿ ಎ.ಸಿ. ಟೆಕ್ನಿಶಿಯನ್. ಬರುವ ವರ್ಷ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೇ ಹೋಗುವ ಲೆಕ್ಕಾಚಾರದಲ್ಲಿದ್ದಾರೆ. ಮಗಳು ಪಿಯುಸಿ ಮುಗಿಸುತ್ತಾಳೆ, ಮುಂದಿನ ಕಾಲೇಜಿನ ಫೀಸಿಗೆ ದುಡ್ಡು ಬೇಕು. ದುಡ್ಡು ಇಲ್ಲ ಅಂತಲ್ಲ, ಇದೆ. ಆದರೆ ಭಾವನ ಹತ್ತಿರ ಇದೆ. 2019ರಿಂದ ಕಂತು ಕಂತಾಗಿ 14 ಲಕ್ಷ ರೂಪಾಯಿ ಅಕ್ಕನ ಗಂಡನ ಇಂಟರ್‌ಲಾಕ್ ಕಾರ್ಖಾನೆಗೆ ಹಾಕಿದ್ದಾರೆ. ಅಂಗಳಕ್ಕೆ, ಪಂಚಾಯಿತಿ ರಸ್ತೆಗೆ ಹಾಸುವ ಸಿಮೆಂಟಿನ ಇಂಟರ್‌ಲಾಕ್ ಇದೆಯಲ್ಲ, ಅದು. ಲಾಭದಲ್ಲಿ ಮೂರನೇ ಒಂದು ಪಾಲು ಅಂತ ಮಾತು. ಮಾತು ಮಾತ್ರ.

‘ಕೇಳಿದ್ರಾ?’ ಅಂದೆವು.

‘ಕೇಳಿದೆ ಸಾರ್. ಎಲೆಕ್ಷನ್ ಮುಗೀಲಿ, ಆಮೇಲೆ ನೋಡುವ ಅಂತಾರೆ.’

‘ಯಾವ ಎಲೆಕ್ಷನ್?’

ಮನುಷ್ಯ ನಕ್ಕುಬಿಟ್ಟರು. 2023ರಲ್ಲಿ ಕೇಳಿದಾಗ ಎಂಎಲ್ಎ ಎಲೆಕ್ಷನ್ ಮುಗೀಲಿ ಅಂದಿದ್ದರಂತೆ. 2024ರಲ್ಲಿ ಪಾರ್ಲಿಮೆಂಟ್ ಎಲೆಕ್ಷನ್. ಈಗ ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿ ಎಲೆಕ್ಷನ್. ಆ ಚುನಾವಣೆ 2021ರಿಂದ ಬಾಕಿ ಬಿದ್ದದ್ದು. ಭಾವನಿಗೆ ಅದಕ್ಕಿಂತ ಒಳ್ಳೆಯ ವಾಯಿದೆ ಇನ್ನೊಂದು ಸಿಗಲಿಕ್ಕಿಲ್ಲ.

ಚುನಾವಣೆಯ ಫಲಿತಾಂಶಕ್ಕೂ ನಮ್ಮಂಥವರ ಸಣ್ಣ ಬಂಡವಾಳಕ್ಕೂ ಏನು ಸಂಬಂಧ ಅಂತ ಈ ಅಂಕಣದ ಓದುಗರು ಆಗಾಗ ಕೇಳುತ್ತಲೇ ಇರುತ್ತಾರೆ. ಹಾಗಾಗಿ ಈ ತಿಂಗಳು ಅದನ್ನೇ ಬರೆಯುತ್ತಿದ್ದೇವೆ.

ಮೊದಲು ಎಲ್ಲರಿಗೂ ನೆನಪಿರುವ ದಿನದಿಂದ ಶುರು ಮಾಡೋಣ. 2024ರ ಜೂನ್ 3, ಸೋಮವಾರ. ಎಕ್ಸಿಟ್ ಪೋಲ್ ನೋಡಿ ಷೇರುಪೇಟೆ ಕುಣಿಯಿತು. ಸೆನ್ಸೆಕ್ಸ್ ಒಂದೇ ದಿನ 2,500 ಅಂಶ ಏರಿ 76,469ಕ್ಕೆ ನಿಂತಿತು. ಮಾರನೇ ದಿನ ಮತ ಎಣಿಕೆ. ಬಿಜೆಪಿಗೆ 240 ಸ್ಥಾನ, ಸ್ವಂತ ಬಹುಮತಕ್ಕೆ ಬೇಕಾದ 272 ಬರಲಿಲ್ಲ. ಸೆನ್ಸೆಕ್ಸ್ 4,390 ಅಂಶ ಬಿತ್ತು. ಅವತ್ತು ನಮ್ಮ ಆಫೀಸಿನ ಡ್ರೈವರ್ ಹುಡುಗನೊಬ್ಬ ಮಧ್ಯಾಹ್ನದ ಊಟ ಬಿಟ್ಟು ಮೊಬೈಲ್ ಹಿಡಿದು ಬಂದ. ಆರು ಲಕ್ಷ ಕೂಡಿಟ್ಟಿದ್ದ ಇಂಡೆಕ್ಸ್ ಫಂಡು. ‘ಸಾರ್, ಮಾರಿಬಿಡ್ಲಾ?’ ಬೇಡ ಮಾರಾಯ ಅಂದೆವು. ಮಾರಿದ. ಹಿಂದಿನ ದಿನದ ಬೆಲೆಗೆ ಹೋಲಿಸಿದರೆ ಹೆಚ್ಚುಕಡಿಮೆ 34 ಸಾವಿರ ಹೋಯಿತು. ಅದೇ ಶುಕ್ರವಾರ, ಜೂನ್ 7ಕ್ಕೆ, ಸೆನ್ಸೆಕ್ಸ್ 76,693ರಲ್ಲಿತ್ತು, ಅಂದರೆ ಎಕ್ಸಿಟ್ ಪೋಲಿನ ಕುಣಿತಕ್ಕಿಂತಲೂ ಮೇಲೆ. ಸರ್ಕಾರವೂ ಅದೇ, ಪ್ರಧಾನಿಯೂ ಅವರೇ. ಹುಡುಗನ 34 ಸಾವಿರ ಮಾತ್ರ ವಾಪಸ್ ಬರಲಿಲ್ಲ.

ಬಹುಮತ ಬಂದರೆ ಬಂಡವಾಳಕ್ಕೆ ಒಳ್ಳೆಯದು, ಸಮ್ಮಿಶ್ರ ಸರ್ಕಾರ ಬಂದರೆ ಕೆಟ್ಟದ್ದು ಅಂತ ಟಿವಿಯಲ್ಲಿ ಹೇಳುವುದುಂಟು. ನಮಗೆ ಅದರಲ್ಲಿ ನಂಬಿಕೆ ಹೋಗಿ ಇಪ್ಪತ್ತು ವರ್ಷವಾಯಿತು. 2004ರ ಮೇ ತಿಂಗಳಲ್ಲಿ ನಾವು ಬಿಕಾಂ ಮುಗಿಸಿ ಮಂಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿ ವೋಚರ್ ಜೋಡಿಸುತ್ತಿದ್ದೆವು. ವಾಜಪೇಯಿ ಸರ್ಕಾರ ಸೋತಿತ್ತು, ಎಡಪಕ್ಷಗಳ ಬೆಂಬಲದಲ್ಲಿ ಕಾಂಗ್ರೆಸ್ ಸರ್ಕಾರ ಬರುವುದಿತ್ತು. ಮೇ 17ರಂದು ಸೆನ್ಸೆಕ್ಸ್ 11% ಗಿಂತ ಹೆಚ್ಚು ಬಿತ್ತು. ಮಧ್ಯದಲ್ಲಿ ವ್ಯವಹಾರವನ್ನೇ ನಿಲ್ಲಿಸಬೇಕಾಯಿತು. ಆಫೀಸಿಗೆ ಬಂದ ಕಕ್ಷಿದಾರರೆಲ್ಲ ‘ಕಮ್ಯುನಿಸ್ಟರು ಬಂದರು, ಇನ್ನು ದುಡ್ಡು ಇದ್ದವರ ಕತೆ ಮುಗೀತು’ ಅನ್ನುತ್ತಿದ್ದರು. ಎರಡೇ ತಿಂಗಳಿಗೆ ಚಿದಂಬರಂ ಬಜೆಟ್ ಮಂಡಿಸಿದರು. ವಹಿವಾಟಿನ ಮೇಲೆ ಎಸ್‌ಟಿಟಿ ಎಂಬ ಸಣ್ಣ ತೆರಿಗೆ ಹಾಕಿ, ಒಂದು ವರ್ಷ ದಾಟಿದ ಲಿಸ್ಟೆಡ್ ಷೇರಿನ ಲಾಭಕ್ಕೆ ತೆರಿಗೆಯನ್ನೇ ತೆಗೆದುಬಿಟ್ಟರು. ಎಡಪಕ್ಷದ ಬೆಂಬಲದ ಸರ್ಕಾರ! ಆ ತೆರಿಗೆಯನ್ನು 10% ಎಂದು ಮತ್ತೆ ತಂದದ್ದು 2018ರಲ್ಲಿ, ಪೂರ್ಣ ಬಹುಮತವಿದ್ದ ಸರ್ಕಾರ.

2009ರಲ್ಲಿ ಇದರ ತಿರುವುಮುರುವು. ಕಾಂಗ್ರೆಸ್ ಬಲವಾಗಿ ಗೆದ್ದಿತು, ಎಡಪಕ್ಷದ ಹಂಗು ಹೋಯಿತು. ಮೇ 18ರಂದು ಸೆನ್ಸೆಕ್ಸ್ 17% ಹಾರಿ ಅವತ್ತೂ ಪೇಟೆ ಬಂದ್ ಮಾಡಬೇಕಾಯಿತು. ಆದರೆ ಅದೇ ಸರ್ಕಾರ 2012ರಲ್ಲಿ ‘ಏಂಜೆಲ್ ಟ್ಯಾಕ್ಸ್’ ತಂದಿತು. ಹೊಸ ಕಂಪನಿಯಲ್ಲಿ ಯಾರಾದರೂ ಹೆಚ್ಚು ಬೆಲೆ ಕೊಟ್ಟು ಷೇರು ತೆಗೆದುಕೊಂಡರೆ, ನ್ಯಾಯವಾದ ಬೆಲೆಗಿಂತ ಮೇಲಿನ ಹಣ ಕಂಪನಿಯ ಆದಾಯ ಅಂತ ಲೆಕ್ಕ. ಬಂಡವಾಳಕ್ಕೇ ತೆರಿಗೆ ಕಟ್ಟಿದ ಹಾಗೆ. 2023ರಲ್ಲಿ ಅದನ್ನು ನಮ್ಮಂಥ ಹೊರದೇಶದವರು ಹಾಕುವ ದುಡ್ಡಿಗೂ ವಿಸ್ತರಿಸಿದರು. ತೆಗೆದದ್ದು ಯಾವಾಗ? 2024ರ ಜುಲೈ 23ರ ಬಜೆಟ್ಟಿನಲ್ಲಿ. ಜೂನ್ 4ರಂದು ಜನ ಹೆದರಿ ಓಡಿದರಲ್ಲ, ಅದೇ ಸಮ್ಮಿಶ್ರ ಸರ್ಕಾರ.

ಅದೇ ಬಜೆಟ್ಟಿನಲ್ಲಿ ನಮಗೆ ಏಟೂ ಬಿತ್ತು. ಲಿಸ್ಟೆಡ್ ಷೇರಿನ ದೀರ್ಘಾವಧಿ ಲಾಭದ ತೆರಿಗೆ 10ರಿಂದ 12.5% ಆಯಿತು. ಪೇಟೆಯಲ್ಲಿ ಲಿಸ್ಟ್ ಆಗದ ಕಂಪನಿಯ ಷೇರನ್ನು ಎರಡು ವರ್ಷ ಇಟ್ಟು ಮಾರಿದರೆ ಎನ್‌ಆರ್‌ಐಗಳಿಗೆ 10% ಇದ್ದದ್ದೂ 12.5% ಆಯಿತು, ಊರಲ್ಲಿರುವವರಿಗೆ ಇಂಡೆಕ್ಸೇಷನ್ ಸಹಿತ 20% ಇದ್ದದ್ದು ಅದು ಇಲ್ಲದೆ 12.5ಕ್ಕೆ ಬಂತು. ಜಾಗದ ವಿಷಯ ಇನ್ನೂ ಬೇಸರದ್ದು. 2024ರ ಜುಲೈ 23ಕ್ಕೆ ಮೊದಲು ಕೊಂಡ ಸೈಟು, ಮನೆ ಮಾರುವಾಗ ಹಣದುಬ್ಬರ ಕಳೆದು 20% ಕಟ್ಟುವುದೋ, ಕಳೆಯದೆ 12.5% ಕಟ್ಟುವುದೋ ಎಂಬ ಆಯ್ಕೆಯನ್ನು ಊರಿನವರಿಗೆ ಕೊಟ್ಟರು, ನಮಗೆ ಕೊಡಲಿಲ್ಲ. ಯಾವ ಎಕ್ಸಿಟ್ ಪೋಲಿನವರೂ ಇದನ್ನು ಹೇಳಿರಲಿಲ್ಲ. (ಚುನಾವಣೆಯನ್ನೇ ದೂರುವುದೂ ಬೇಡ. ನಮ್ಮೂರಿನಂಥ ಎಲೆಕ್ಷನ್ ಗಲಾಟೆ ಇಲ್ಲದ ಈ ಯುಎಇಯಲ್ಲೂ 2023ರ ಜೂನ್‌ನಿಂದ ಕಂಪನಿಗಳಿಗೆ 9% ತೆರಿಗೆ ಬಂತು. ನಮಗೆ ಕೆಲಸ ಹೆಚ್ಚಾಯಿತು, ಸಂಬಳ ಅಷ್ಟೇ ಇದೆ.)

ಇಷ್ಟು ಹೇಳಿದ್ದು ಏಕೆಂದರೆ, ಫಲಿತಾಂಶದ ದಿನದ ಏರಿಳಿತ ಪೇಟೆಯಲ್ಲಿ ಮಾರಬಹುದಾದ ಷೇರಿಗೆ ತಗಲುತ್ತದೆ, ಅದೂ ನಾಲ್ಕು ದಿನ. ಲಿಸ್ಟ್ ಆಗದ ದಂಧೆಗೆ, ಅಂದರೆ ಭಾವನ ಕಾರ್ಖಾನೆಗೆ, ಗೆಳೆಯನ ಹೋಟೆಲಿಗೆ ಹಾಕಿದ ದುಡ್ಡಿಗೆ, ಚುನಾವಣೆ ಬೇರೆ ದಾರಿಯಿಂದ ಬರುತ್ತದೆ. ನಿಧಾನವಾಗಿ ಬರುತ್ತದೆ.

ಇಲ್ಲಿ ಭಾವನ ಮಾತು ಪೂರ್ತಿ ಸುಳ್ಳಲ್ಲ. 2024ರ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ ಇತ್ತು. ಆ ಅವಧಿಯಲ್ಲಿ ಸರ್ಕಾರಿ ಕೆಲಸದ ಹೊಸ ಟೆಂಡರ್ ಇಲ್ಲ. ಬೇಸಿಗೆಯ ಎರಡೂವರೆ ತಿಂಗಳು ಅಂದರೆ ಇಂಟರ್‌ಲಾಕ್ ಹಾಕುವ ಸೀಸನ್ನೇ ಹೋದ ಹಾಗೆ, ಆಮೇಲೆ ಮಳೆ ಹಿಡಿಯಿತು. ಅದರ ಹಿಂದಿನ ವರ್ಷ, 2023ರ ಮೇ ತಿಂಗಳಲ್ಲಿ, ರಾಜ್ಯದಲ್ಲಿ ಸರ್ಕಾರ ಬದಲಾದ ಕೂಡಲೇ ಹಿಂದಿನ ಸರ್ಕಾರದ ಕಾಮಗಾರಿಗಳ ಹಣ ತಡೆಹಿಡಿಯಲು ಆದೇಶವಾಯಿತು. ಗುತ್ತಿಗೆದಾರನಿಗೆ ಬಿಲ್ ಆಗದಿದ್ದರೆ ಇಂಟರ್‌ಲಾಕಿನವನಿಗೆ ದುಡ್ಡಿಲ್ಲ. ಇಂಟರ್‌ಲಾಕಿನವನಿಗೆ ದುಡ್ಡಿಲ್ಲದಿದ್ದರೆ ದುಬೈಯ ಭಾವಮೈದನಿಗೆ ಎಲ್ಲಿಂದ?

ಇನ್ನೊಂದು ಮಾತು. 2019ರಲ್ಲಿ ಭಾರಿ ಬಹುಮತದ ನಂತರ ಸೆಪ್ಟೆಂಬರಿನಲ್ಲಿ ಕಂಪನಿ ತೆರಿಗೆಯನ್ನು 22ಕ್ಕೆ ಇಳಿಸಿದಾಗ ಪೇಟೆ ಒಂದೇ ದಿನ 1,900 ಅಂಶ ಏರಿತು. ಆದರೆ ಆ ಇಳಿಕೆ ಕಂಪನಿಗಳಿಗೆ. ಪಾಲುದಾರಿಕೆ ಸಂಸ್ಥೆಗೆ 30% ಇದ್ದದ್ದು ಹಾಗೇ ಉಳಿಯಿತು. ನಮ್ಮೂರಿನ ಹೋಟೆಲು, ಗೇರುಬೀಜದ ಕಾರ್ಖಾನೆ, ಬಸ್ಸು, ಇವೆಲ್ಲ ಎಷ್ಟೋ ಪಾಲುದಾರಿಕೆಯವೇ. ಟಿವಿಯಲ್ಲಿ ಹಬ್ಬ, ಇವರಿಗೆ ಅದೇ ಗಂಜಿ.

ಇಲ್ಲಿ ದೊಡ್ಡವರು ಏನು ಮಾಡುತ್ತಾರೆ ನೋಡಬೇಕು. ಪ್ರೈವೇಟ್ ಇಕ್ವಿಟಿ ಅಂದರೆ ದೊಡ್ಡ ಹೆಸರು, ಕೆಲಸ ನಮ್ಮ ಟೆಕ್ನಿಶಿಯನ್ ಮಾಡಿದ್ದೇ: ಲಿಸ್ಟ್ ಆಗದ ದಂಧೆಯಲ್ಲಿ ದುಡ್ಡು ಹಾಕಿ, ಕೆಲವು ವರ್ಷ ಕಾದು, ಲಾಭಕ್ಕೆ ಬಿಟ್ಟುಕೊಡುವುದು. ಫಂಡಿನ ಆಯುಸ್ಸು ಸಾಮಾನ್ಯವಾಗಿ ಹತ್ತು ವರ್ಷ, ಅಷ್ಟರೊಳಗೆ ದುಡ್ಡು ಕೊಟ್ಟವರಿಗೆ ವಾಪಸ್ ಕೊಡಬೇಕು. ಹಾಗಾಗಿ ಅವರು ಒಳಗೆ ಹೋಗುವ ದಿನವೇ ಹೊರಗೆ ಬರುವ ಬಾಗಿಲನ್ನು ಕರಾರಿನಲ್ಲಿ ಬರೆಸುತ್ತಾರೆ. ಇಂಥ ತಾರೀಕಿನೊಳಗೆ ಐಪಿಒ ಆಗದಿದ್ದರೆ ಮಾಲೀಕರೇ ಷೇರು ವಾಪಸ್ ಕೊಳ್ಳಬೇಕು, ಇಲ್ಲವೇ ಬೇರೆಯವರಿಗೆ ಮಾರಲು ಒಪ್ಪಬೇಕು, ಬೆಲೆ ಕಟ್ಟುವುದು ಹೀಗೆ, ಹೀಗೆಲ್ಲ. ಚುನಾವಣೆ ಬಂದರೆ ಅವರೂ ಕಾಯುತ್ತಾರೆ, ಬಜೆಟ್ ಆಗಲಿ ಅನ್ನುತ್ತಾರೆ, ಬೆಲೆಯಲ್ಲಿ ಚೌಕಾಸಿ ಮಾಡುತ್ತಾರೆ. ಆದರೆ ಎಷ್ಟು ದಿನ ಕಾಯುವುದು ಅನ್ನುವುದು ಕಾಗದದಲ್ಲಿ ಇರುತ್ತದೆ. ಜೂನ್ 4ರ ಗಾಬರಿಯಾಗಿ ಐದು ತಿಂಗಳಿಗೆ, 2024ರ ನವೆಂಬರಿನಲ್ಲಿ, ನಮ್ಮ ಬೆಂಗಳೂರಿನ ಸ್ವಿಗ್ಗಿ ಸುಮಾರು 11,300 ಕೋಟಿಯ ಐಪಿಒ ಮಾಡಿತು. ಅದರ ದೊಡ್ಡ ಪಾಲುದಾರ, ನೆದರ್ಲೆಂಡ್ಸಿನ ಪ್ರೋಸಸ್, ಆಗಲೇ ತನ್ನ ಸ್ವಲ್ಪ ಷೇರು ಮಾರಿ ದುಡ್ಡು ಎತ್ತಿಕೊಂಡಿತು.

ನಮ್ಮವರಿಗೆ ಒಳಗೆ ಹೋಗುವಾಗ ಪೂಜೆ, ಸಿಹಿ, ಫೋಟೋ. ಹೊರಗೆ ಬರುವ ಮಾತು ಎತ್ತಿದರೆ ‘ಸಂಬಂಧದಲ್ಲಿ ಲೆಕ್ಕ ಎಂಥದ್ದು’ ಅಂತ ಅಕ್ಕ ಕಣ್ಣೀರು ಹಾಕುತ್ತಾರೆ. ನಗಬೇಡಿ, ನಾವೂ ಒಮ್ಮೆ ದೊಡ್ಡಪ್ಪನ ಮಗನ ಮೊಬೈಲ್ ಅಂಗಡಿಗೆ ಮೂರು ಲಕ್ಷ ಕೊಟ್ಟು ಒಂದು ಚೀಟಿಯನ್ನೂ ಬರೆಸಿಕೊಂಡಿರಲಿಲ್ಲ. ಲೆಕ್ಕ ಬರೆಯುವವರ ಮನೆಯ ಲೆಕ್ಕ ಹಾಗೆಯೇ.

ನಮ್ಮ ಟೆಕ್ನಿಶಿಯನ್‌ಗೆ ಹತ್ತು ಪ್ರಶ್ನೆ ಕೇಳಿದೆವು. ದುಡ್ಡು ಯಾವ ಖಾತೆಯಿಂದ ಹೋಗಿದೆ? ಎನ್‌ಆರ್‌ಇಯಿಂದ, ಸ್ಟೇಟ್‌ಮೆಂಟ್ ಇದೆ. ಒಳ್ಳೆಯದು. ಪಾಲುದಾರಿಕೆ ಪತ್ರ? ಇಲ್ಲ. ಸಾಲ ಅಂತ ಬರೆದದ್ದು? ಇಲ್ಲ. ಹಾಗಾದರೆ ಭಾವನ ಲೆಕ್ಕಪುಸ್ತಕದಲ್ಲಿ ಇದು ಏನು? ಗೊತ್ತಿಲ್ಲ. ಇದು ಸಣ್ಣ ವಿಷಯವಲ್ಲ. ಹೆಂಡತಿಯ ತಮ್ಮ ಕೊಟ್ಟ ಹಣವನ್ನು ಉಡುಗೊರೆ ಅಂತ ತೋರಿಸಿದರೆ ಆದಾಯ ತೆರಿಗೆ ಕಾನೂನಿನಲ್ಲಿ ತೆರಿಗೆಯೇ ಇಲ್ಲ. ಭಾವನ ಆಡಿಟರ್ ಹಾಗೆ ಬರೆದಿಟ್ಟಿದ್ದರೆ ಹದಿನಾಲ್ಕು ಲಕ್ಷ ವಾಪಸ್ ಕೊಡುವ ಮಾತೇ ಹುಟ್ಟುವುದಿಲ್ಲ.

ಎನ್‌ಆರ್‌ಐಗಳು ಊರಿನ ಪಾಲುದಾರಿಕೆ ಸಂಸ್ಥೆಯಲ್ಲೋ ಒಬ್ಬನೇ ಮಾಲೀಕನ ದಂಧೆಯಲ್ಲೋ ದುಡ್ಡು ಹಾಕಲು ಫೆಮಾ ಕಾನೂನಿನಲ್ಲಿ ಅವಕಾಶ ಇದೆ. ಕೃಷಿ, ತೋಟ, ಜಾಗದ ವ್ಯಾಪಾರ, ಪತ್ರಿಕೆ ಇವುಗಳಿಗೆ ಆಗುವುದಿಲ್ಲ. ಅದು ವಾಪಸ್ ಹೊರದೇಶಕ್ಕೆ ಒಯ್ಯದ ಷರತ್ತಿನ ಹೂಡಿಕೆ. ಊರಿಗೇ ಹೋಗುವವರಿಗೆ ಅದರಿಂದ ತೊಂದರೆ ಇಲ್ಲ. ಆದರೆ ಹಾಕಿದ್ದಕ್ಕೆ ಕಾಗದ ಬೇಕು. ಭಾವನ ಕಾರ್ಖಾನೆ ಉದ್ಯಮ್ ನೋಂದಣಿ ಮಾಡಿಸಿದೆಯೇ ಅಂತಲೂ ಕೇಳಿಸಿದೆವು. ಮಾಡಿಸಿದ್ದರೆ, ಸಣ್ಣ ಉತ್ಪಾದಕನ ಬಿಲ್ಲನ್ನು 45 ದಿನದೊಳಗೆ ಕೊಡದ ಗುತ್ತಿಗೆದಾರನಿಗೆ ಆ ವರ್ಷ ಆ ಖರ್ಚನ್ನು ತೆರಿಗೆಯಲ್ಲಿ ಕಳೆಯಲು ಆಗುವುದಿಲ್ಲ, ಕೊಟ್ಟ ವರ್ಷಕ್ಕೇ ಕಾಯಬೇಕು. 2023ರ ಬಜೆಟ್ಟಿನಲ್ಲಿ ಬಂದ ನಿಯಮ ಇದು. 45 ದಿನಕ್ಕೆ ಬರಹದಲ್ಲಿ ಒಪ್ಪಂದ ಇರಬೇಕು, ಇಲ್ಲದಿದ್ದರೆ 15 ದಿನವೇ. ಎಲೆಕ್ಷನ್ ಮುಗಿಯುವುದನ್ನು ಕಾಯುವುದಕ್ಕಿಂತ ಗುತ್ತಿಗೆದಾರನಿಗೆ ಇದನ್ನು ನೆನಪಿಸುವುದು ಲೇಸು.

ಅಲ್ಲಿಂದಲೇ ಭಾವನಿಗೆ ವಿಡಿಯೋ ಕಾಲ್ ಹಚ್ಚಿಸಿದೆವು. ಜಗಳ ಮಾಡಬೇಡಿ ಅಂತ ಮೊದಲೇ ಹೇಳಿದ್ದೆವು. ‘ಭಾವಾ, ಪೂರ್ತಿ ಈಗಲೇ ಬೇಡ. ಎಂಟು ಕಂತು ಮಾಡುವ, ಮೂರು ಮೂರು ತಿಂಗಳಿಗೆ. ಮೊದಲ ಎರಡು ಕಂತು ಮಗಳ ಫೀಸಿಗೆ. ನನ್ನ ಎನ್‌ಆರ್‌ಒ ಖಾತೆಗೆ ಚೆಕ್ಕಿನಲ್ಲೇ ಹಾಕಿ. ಒಂದು ಸ್ಟ್ಯಾಂಪ್ ಪೇಪರಿನಲ್ಲಿ ಬರೆಯುವ, ನಿಮಗೂ ಒಳ್ಳೆಯದು, ನಾಳೆ ನನಗೇನಾದರೂ ಆದರೆ ನನ್ನ ಹೆಂಡತಿ ನಿಮ್ಮ ಹತ್ತಿರ ಜಾಸ್ತಿ ಕೇಳಬಾರದಲ್ಲ.’ ಆ ಕೊನೆಯ ಮಾತು ನಾವು ಹೇಳಿಕೊಟ್ಟದ್ದಲ್ಲ, ಅವರದ್ದೇ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಆಯ್ತು ಮಾರಾಯ, ಬರೆಸಿ ಕಳಿಸ್ತೆ’ ಅಂದರು.

ಬುಧವಾರ ವಾಟ್ಸ್ಯಾಪಿನಲ್ಲಿ ಕರಡು ಬಂತು. ಮೊತ್ತ ಸರಿ ಇದೆ, ಕಂತು ಸರಿ ಇದೆ. ಮೊದಲ ಕಂತಿನ ತಾರೀಕಿನ ಜಾಗದಲ್ಲಿ ಮಾತ್ರ ‘ಚುನಾವಣೆಯ ನಂತರ’ ಅಂತ ಬರೆದಿತ್ತು. ಅದಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಒಂದು ತಾರೀಕು ಬರೆದು ವಾಪಸ್ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.

ಮುಂದಿನ ತಿಂಗಳು: ಊರಿನ ಸೈಟು ಮಾರುವಾಗ ಕೊಳ್ಳುವವರು ಹಿಡಿದುಕೊಳ್ಳುವ ಟಿಡಿಎಸ್ ಬಗ್ಗೆ. ಈಚೆಗೆ ಮಾರಿದವರು ಯಾರಾದರೂ ಇದ್ದರೆ ಕಾಗದಪತ್ರ ತಂದು ತೋರಿಸಿ.